ಕತ್ತಾಳೆ ವಿಮಾನದ ಸಾರ್ಜೆಂಟ್ರು

ಸತ್ತವರ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಅವರನ್ನು ದೇವರ ಪಕ್ಕದಲ್ಲಿ ಕೂರಿಸಿಬಿಡುತ್ತಾರೆ. ನಮ್ಮ ಸಾರ್ಜೆಂಟ್ರನ್ನು ಹಾಗೆ ಕೂರಿಸಿದರೆ ಕಷ್ಟ ದೇವರಿಗೇ. ಅರ್ಧ ಗಂಟೆಯೊಳಗೆ ಪೀಠದ ಸ್ಕ್ರೂ ಬಿಚ್ಚಿ, ‘ಇದ್ಯಾವ ಆಚಾರಿ ಇಷ್ಟ್ ದಪ್ಪ ಮರ ಆಕ್ದೋನು? ಅರ್ಧ ಸಾಕಾಗಿತ್ತಲ್ಲ’ ಎಂದು ಕೇಳುವ ಮನುಷ್ಯ ಅವರು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಊರಿನಲ್ಲಿ ಈಗಾಗಲೇ ಅವರನ್ನು ಸಾಧು, ಶಾಂತ, ಯಾರಿಗೂ ಒಂದು ಮಾತು ಅಂದವರಲ್ಲ ಎಂದೆಲ್ಲ ಹೇಳತೊಡಗಿದ್ದಾರೆ. ಹೀಗೇ ಬಿಟ್ಟರೆ ಮುಂದಿನ ವರ್ಷಕ್ಕೆ ಫೋಟೋಗೆ ಹಾರ ಹಾಕಿ ಭಜನೆ ಮಾಡುತ್ತಾರೆ. ಅದಕ್ಕೆ ಮುಂಚೆ ನಿಜ ಬರೆದಿಡೋಣ ಎಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೂ ಅರ್ಧ ಕೊಳ್ಳೇಗಾಲಕ್ಕೆ ಗೊತ್ತಾಗುವುದಿಲ್ಲ, ಎಲ್ಲರಿಗೂ ಅವರು ಸಾರ್ಜೆಂಟ್ರು ಅಷ್ಟೇ. ಹುಟ್ಟಿದ್ದು ಅಜ್ಜೀಪುರ. ವಾಯುಸೇನೆಯಲ್ಲಿ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದು, ಅರವತ್ತೈದರ ಯುದ್ಧ ಮುಗಿದ ಮೇಲೆ ನಿವೃತ್ತರಾಗಿ ಬಂದು, ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ರಿಪೇರಿ ಹೊಟ್ಟೆಪಾಡು. ಅವರ ಕಸುಬು ಬೇರೆ. ಅವರು ವಿಮಾನ ಕಟ್ಟುತ್ತಿದ್ದರು.

ನಗಬೇಡಿ. ನಾಲ್ಕು ಅಡಿ ಅಗಲದ ರೆಕ್ಕೆ, ಮೂತಿಯಲ್ಲಿ ಎಂಜಿನ್, ಹೊಟ್ಟೆಯಲ್ಲಿ ಪುಟ್ಟ ರೇಡಿಯೋ. ನೆಲದ ಮೇಲೆ ನಿಂತು, ಕೈಯಲ್ಲಿ ಹಿಡಿದ ಪೆಟ್ಟಿಗೆಯ ಗುಂಡಿಯನ್ನು ಒಂದು ಸಲ ಒತ್ತಿದರೆ ಆಕಾಶದಲ್ಲಿ ಬಲಕ್ಕೆ ತಿರುಗುತ್ತದೆ, ಎರಡು ಸಲ ಒತ್ತಿದರೆ ಎಡಕ್ಕೆ. ಮೇಲೆ ಹೋಗು, ಕೆಳಗೆ ಬಾ ಎನ್ನಲು ಗುಂಡಿ ಇಲ್ಲ, ಅದು ಅದರ ಇಷ್ಟ. ಎಣ್ಣೆ ಮುಗಿದಾಗ ತಾನೇ ಇಳಿಯುತ್ತದೆ. ಆದರೆ ಸುಮ್ಮನೆ ಹಾರಿಸುವುದು ಸಾರ್ಜೆಂಟ್ರಿಗೆ ಒಗ್ಗುತ್ತಿರಲಿಲ್ಲ. ಅವರ ವಿಮಾನ ಜಗಳಕ್ಕೆ ಹುಟ್ಟಿದ್ದು. ಗಾಳಿಪಟಕ್ಕಿರುವಂತೆ ಹಿಂದೆ ಉದ್ದನೆಯ ಕಾಗದದ ಬಾಲಂಗೋಚಿ. ಒಂದರ ಬಾಲಂಗೋಚಿಯನ್ನು ಇನ್ನೊಂದು ತನ್ನ ಮೂತಿಯಲ್ಲಿ ತಿರುಗುವ ಪಂಕದಿಂದ ಕತ್ತರಿಸಬೇಕು. ಕತ್ತರಿಸಿದವನು ಗೆದ್ದ. ಇಂಥ ಕಾಳಗದಲ್ಲಿ ವಿಮಾನಗಳು ಡಿಕ್ಕಿ ಹೊಡೆಯದೆ ಇರುವುದಿಲ್ಲ, ನೆಲಕ್ಕೆ ಬೀಳದೆ ಇರುವುದಿಲ್ಲ. ಬಿದ್ದರೂ ಬಾಳಿಕೆ ಬರುವ ವಿಮಾನ ಕಟ್ಟುವುದು ಹೇಗೆ? ಇದೊಂದು ಪ್ರಶ್ನೆಯನ್ನೇ ಆ ಮನುಷ್ಯ ಹತ್ತು ವರ್ಷ ಎಲೆಅಡಿಕೆ ಹಾಗೆ ಜಗಿದರು.

ನನ್ನ ವಿಷಯ ಎರಡು ಮಾತು. ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಸೇರಿದ ವರ್ಷ ನಾನು ತಲೆಯ ಮೇಲೆ ರೇಷ್ಮೆಗೂಡಿನ ಬುಟ್ಟಿ ಹೊರುತ್ತಿದ್ದೆ. ಅವರು ಬರುವ ಹೊತ್ತಿಗೆ ನನ್ನದೇ ಗೂಡಿನ ಮಂಡಿ ಇತ್ತು. ಟವಲಿನ ಕೆಳಗೆ ಬೆರಳು ಹಿಡಿದು ದರ ಕಟ್ಟುವುದರಲ್ಲಿ ಸತ್ತೇಗಾಲದಿಂದ ಹೂಗ್ಯಂವರೆಗೆ ನನ್ನ ಕೈಗೆ ಹೆಸರಿತ್ತು. ಕೇಳಿದ ಬೆಲೆಯನ್ನು ನಾನು ಯಾರಿಗೂ ಕೊಟ್ಟವನಲ್ಲ, ಉಪ್ಪು ಮಾರುವವನಿಗೂ ಸಹ.

ಒಂದು ದಿನ ಖಾಕಿ ಚಡ್ಡಿ, ಬಿಳಿ ಬನಿಯನ್ನಿನ ಮನುಷ್ಯ ಮಂಡಿಯೊಳಗೆ ಬಂದು ಮೂಲೆಯ ಕಸ ಕೆದಕುತ್ತಿದ್ದರು.

‘ಮುರಿದೋದ ಚಂದ್ರಿಕೆ ಕೊಡ್ತೀರಾ ಸಾವ್ಕಾರ್ರೇ?’

ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮ ಕಡೆ ಚಂದ್ರಿಕೆ ಎನ್ನುತ್ತಾರೆ. ಮುರಿದದ್ದು ಒಲೆಗೆ ಹೋಗುವ ಮಾಲು.

‘ಯಾತಕ್ಕೆ ಸಾ?’

‘ಬಿದಿರು ಬೇಕು. ಅಂಗೇ ಒಂದ್ ಗಜ ತೆಳ್ಳನೆ ರೇಷ್ಮೆನೂ ಬೇಕು.’

‘ಮನೇವ್ರಿಗಾ?’

‘ರೆಕ್ಕೆಗೆ.’

ಯುದ್ಧದಲ್ಲಿ ತಲೆಯೊಳಗೆ ಏನೋ ಸಡಿಲವಾಗಿದೆ ಎಂದುಕೊಂಡೆ. ವ್ಯಾಪಾರ ಮಾಡುವವರಿಗೆ ನನ್ನದೊಂದು ಕಿವಿಮಾತು: ಸಡಿಲವಾದವರನ್ನು ಯಾವತ್ತೂ ವಾಪಸ್ ಕಳಿಸಬೇಡಿ, ಅವರಿಗೆ ದರ ಗೊತ್ತಿರುವುದಿಲ್ಲ. ಟವಲು ಹಾಸಿ, ಕೆಳಗೆ ಕೈ ಇಡಿ ಎಂದೆ. ಅವರು ಟವಲನ್ನು ಎತ್ತಿಕೊಂಡು, ಕೈಗೆ ಅಂಟಿದ್ದ ಗ್ರೀಸು ಒರೆಸಿ, ಮಡಿಸಿ ವಾಪಸ್ ಕೊಟ್ಟರು. ‘ನಿಮ್ ರೇಡಿಯೋ ಕೆಮ್ತಾ ಅದಲ್ಲ, ಬೆಳಿಗ್ಗೆಯಿಂದ ಕೇಳ್ತಾ ಇವ್ನಿ. ಅದ ಸರಿ ಮಾಡ್ಕೊಡ್ತೀನಿ, ನೀವು ಬಿದಿರು ಕೊಡಿ’ ಎಂದರು. ಅಂದಿನಿಂದ ನನ್ನ ರೇಡಿಯೋ ಕೆಮ್ಮಿಲ್ಲ. ಮುಂದಿನ ವಾರಕ್ಕೆ ‘ಸಾವ್ಕಾರ್ರೇ’ ಹೋಗಿ ‘ಲೇ’ ಬಂತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಅನ್ನಿಸಿಕೊಂಡೆ.

ನೀವು ವಿಮಾನ ಕಟ್ಟುವವರಾದರೆ ಇದನ್ನು ಬರೆದಿಟ್ಟುಕೊಳ್ಳಿ, ಬಿಟ್ಟಿ ಹೇಳುತ್ತಿದ್ದೇನೆ. ವಿಲಾಯಿತಿ ಪುಸ್ತಕದಲ್ಲಿ ಬಾಲ್ಸಾ ಎಂಬ ಹಗುರ ಮರ ಹೇಳಿರುತ್ತಾರೆ. ನಮ್ಮಲ್ಲಿ ಅದು ಸಿಗುವುದಿಲ್ಲ, ಸಿಕ್ಕರೆ ಕೊಳ್ಳಲಾಗುವುದಿಲ್ಲ. ಕತ್ತಾಳೆ ಹೂ ಬಿಟ್ಟು ಸತ್ತ ಮೇಲೆ ಒಣಗಿ ನಿಲ್ಲುವ ಕಂಬವಿದೆಯಲ್ಲ, ಅದನ್ನು ಸೀಳಿ ನೋಡಿ. ಒಳಗಿನ ತಿರುಳು ಮಂಡಕ್ಕಿಯಷ್ಟು ಹಗುರ. ಅದರಲ್ಲಿ ಮೈ. ರೆಕ್ಕೆಯ ಬೆನ್ನೆಲುಬಿಗೆ ಹಳೇ ಚಂದ್ರಿಕೆಯ ಬಿದಿರು, ಹೊಗೆ ಕುಡಿದು ಹದವಾಗಿರುವುದು. ಮೇಲೆ ರೇಷ್ಮೆ, ಅಂಟಿಗೆ ಅರೆದು ಕಾಯಿಸಿದ ಹುಣಸೆ ಬೀಜದ ಸರಿ, ಅದರ ಮೇಲೆ ಬಣ್ಣದಂಗಡಿಯ ಲ್ಯಾಕರ್. ಇದನ್ನೆಲ್ಲ ಅವರಿಗೆ ಯಾರೂ ಕಲಿಸಿರಲಿಲ್ಲ. ಹನೂರಿನ ದಾರಿಯ ಬೇಲಿಗಳನ್ನು ನೋಡಿ ನೋಡಿ ತಾವೇ ಕಂಡುಕೊಂಡದ್ದು.

ಆ ದಾರಿಯ ಬಸ್ಸಿನಲ್ಲಿ ಅವರ ಜೊತೆ ಹೋಗುವುದು ಮಾನ ಇರುವವರ ಕೆಲಸವಲ್ಲ. ಕಿಟಕಿಯ ಪಕ್ಕ ಕೂತು, ಒಣಗಿದ ಕತ್ತಾಳೆ ಕಂಡ ಕೂಡಲೇ ‘ಓಲ್ಡಾನ್! ಓಲ್ಡಾನ್!’ ಎಂದು ಕೂಗುವರು. ಡ್ರೈವರ್ ಗಾಬರಿಯಿಂದ ಬ್ರೇಕ್ ಒತ್ತುವನು.

‘ಯಾರ್ಗಾದ್ರೂ ವಾಂತಿಯಾ ಸಾ?’ ಎಂದು ಕಂಡಕ್ಟರ್.

‘ಇಲ್ಲ ಕಣಪ್ಪ, ಎಲ್ಡ್ ರೆಕ್ಕೆ ಸಿಕ್ತು. ರೈಟ್ ಅನ್ಬ್ಯಾಡ, ಒಂದ್ ಗಳಿಗೆ.’

ಹೊಲದವನು ಕುಡುಗೋಲು ಹಿಡಿದು ಬರುವ ಹೊತ್ತಿಗೆ ಸಾರ್ಜೆಂಟ್ರು ಕಂಬವನ್ನು ಬಸ್ಸಿನ ಮೇಲೆ ಹಾಕಿಸಿ ಆಗಿರುತ್ತಿತ್ತು. ಹೊಲದವನ ಜೊತೆ ಮಾತಾಡಿ ಸಮಾಧಾನ ಮಾಡುವುದು ಯಾರ ಪಾಲಿಗೆ ಎಂದು ಹೇಳಬೇಕಾಗಿಲ್ಲ.

ಇನ್ನು ಎಂಜಿನ್. ಅದು ಮಾತ್ರ ಊರಿನದಲ್ಲ. ನಿಂಬೆಹಣ್ಣಿಗಿಂತ ಚೂರು ದೊಡ್ಡದು, ವಿಲಾಯಿತಿಯದು, ನಿವೃತ್ತಿಯಾಗುವ ದಿನ ಅವರ ಆಫೀಸರು ಕೈಗಿಟ್ಟದ್ದು. ಆಗಿನ ಕಾಲದಲ್ಲಿ ದುಡ್ಡು ಚೆಲ್ಲಿದರೂ ಇನ್ನೊಂದು ಬರುತ್ತಿರಲಿಲ್ಲ. ಅದಕ್ಕೆ ಮೈಸೂರಿನಿಂದ ತಂದ ಈಥರ್, ಸೀಮೆಎಣ್ಣೆ, ಗಾಣದ ಹರಳೆಣ್ಣೆ, ಮೂರನ್ನೂ ಬೆರೆಸಿ ಕುಡಿಸಬೇಕು. ಆ ಹೊಗೆಯ ವಾಸನೆ ಬೀದಿಗೆಲ್ಲ ಹರಡಿದಾಗ ಅವರ ಹೆಂಡತಿ, ನಮ್ಮ ಅತ್ತಿಗೆಮ್ಮ, ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡು, ‘ಜನ ಮಕ್ಳಿಗೆ ಒಟ್ಟೆ ತೊಳೆಯಕ್ಕೆ ಅರಳೆಣ್ಣೆ ಕುಡಿಸ್ತಾರೆ. ಇವ್ರು ಕಬ್ಬಿಣಕ್ಕೆ ಕುಡಿಸ್ತಾರೆ’ ಎನ್ನುವರು. ಪಂಕವನ್ನು ಬೆರಳಲ್ಲಿ ತಟ್ಟಿ ಎಂಜಿನ್ ಎಬ್ಬಿಸಬೇಕು. ತಟ್ಟಿ ತಟ್ಟಿ ಅವರ ಬಲಗೈ ತೋರುಬೆರಳಿನ ಮೇಲೆ ಗಾಯದ ಗೆರೆಗಳು ಏಣಿಯ ಹಾಗೆ ಬಿದ್ದಿದ್ದವು.

ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ವಿಮಾನದ ಹೊಟ್ಟೆಯಲ್ಲಿರುವುದೂ ರೇಡಿಯೋ ತಾನೇ ಎಂದು ಇವರು ಹೋಗಿ ಕೇಳಿದರು. ಗುಮಾಸ್ತರು ಫಾರಂ ತೆಗೆದು, ‘ಯಾವ ವಿಳಾಸದಲ್ಲಿ ಇಡ್ತೀರಿ?’ ಎಂದರು. ಇವರು ಬೆರಳನ್ನು ಸೂರಿನ ಕಡೆ ತೋರಿಸಿದರು. ‘ಮಾಡಿ ಮೇಲಾ?’ ‘ಅದ್ಕಿಂತ ವಸಿ ಮೇಲೆ.’ ಅನುಮತಿ ಕೈಗೆ ಬರುವಷ್ಟರಲ್ಲಿ ಮೂರು ವಿಮಾನ ಮುರಿದಿದ್ದವು.

ಬಾಳಿಕೆಯ ವಿಚಾರದಲ್ಲೇ ನಮಗೆ ಜಗಳ. ನನ್ನ ಪ್ರಕಾರ ಗಟ್ಟಿ ಎಂದರೆ ದಪ್ಪ. ಬಾಗಿಲಾಗಲಿ ಬುಟ್ಟಿಯಾಗಲಿ, ಅಲುಗಾಡಿದರೆ ಮೊಳೆ ಹೊಡಿ, ನಿಲ್ಲುತ್ತದೆ. ಅವರ ವಿಮಾನದ ರೆಕ್ಕೆಗೆ ಒಂದು ಮೊಳೆಯೂ ಇರಲಿಲ್ಲ. ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ, ಆ ರಬ್ಬರಿನಿಂದ ರೆಕ್ಕೆಯನ್ನು ಮೈಗೆ ಬಿಗಿಯುತ್ತಿದ್ದರು. ಕೈಯಲ್ಲಿ ಹಿಡಿದರೆ ರೆಕ್ಕೆ ಲೊಟಲೊಟ ಎನ್ನುವುದು.

‘ಸಾರ್ಜೆಂಟ್ರೇ, ಇದು ಹಾರ್ತಾ ಹಾರ್ತಾ ಕಳಚ್ಕೊಂಡ್ರೆ?’

‘ಆರ್ತಾ ಕಳಚಲ್ಲ. ಬಿದ್ರೆ ಕಳಚ್ತದೆ. ಕಳಚ್ಲಿ ಅಂತ್ಲೇ ಇಂಗೆ ಕಟ್ಟಿರೋದು.’

ಹೇಳಿ ನಿಲ್ಲಿಸಲಿಲ್ಲ. ವಿಮಾನವನ್ನು ಹಿಡಿದು ಏಣಿ ಹತ್ತಿ, ಅಂಗಡಿಯ ಹೆಂಚಿನ ಮೇಲಿಂದ ಮೂತಿ ಕೆಳಗಾಗಿ ಬೀದಿಗೆ ಎಸೆದರು. ಟಪ್ ಎಂದು ಬಿತ್ತು. ರೆಕ್ಕೆ ಒಂದು ಕಡೆ ಜಿಗಿಯಿತು, ಬಾಲ ಒಂದು ಕಡೆ, ಎಂಜಿನ್ನಿನ ಮೂತಿ ಒಂದು ಕಡೆ. ನಾನು ಬಾಯಿ ಬಡಿದುಕೊಂಡೆ. ಇಳಿದು ಬಂದು, ಕೈಗಡಿಯಾರ ನನ್ನ ಕೈಗೆ ಕೊಟ್ಟು, ನೆಲದಲ್ಲೇ ಚಕ್ಕಳಮಕ್ಕಳ ಕೂತು ಜೋಡಿಸಿದರು. ಮೂರು ನಿಮಿಷ.

‘ಮುರೀದೇ ಇರೋ ವಿಮಾನ ಅಂತ ಇಲ್ಲ ಕಣ್ಲಾ. ಬಿದ್ದಾಗ ಬಿಟ್ಕಬೇಕು, ಎತ್ತಿದಾಗ ಸೇರ್ಕಬೇಕು. ಪೆಟ್ಟ ಯಾವ್ದು ತಡ್ಕಂಡು ನಿಂತ್ಕತ್ತೋ ಅದ್ರ ಬೆನ್ನೇ ಮುರಿಯೋದು.’

‘ಎಲ್ಲಾದ್ರೂ ಒಂದ್ ಮೊಳೆ…’

‘ನನ್ ಅಂಗ್ಡೀಲಿ ಆ ಮಾತ ಆಡ್ಬ್ಯಾಡ. ಓಗು, ನಿನ್ ಗೂಡ್ ತೂಗೋಗು.’

ತೂಗಲು ಹೋದೆ. ಆದರೆ ಮನಸ್ಸಿನಲ್ಲಿ ಒಪ್ಪಲಿಲ್ಲ. ಸ್ವಂತ ಬುದ್ಧಿಯಿಂದ ಮೇಲೆ ಬಂದವನಿಗೆ ಇರುವ ರೋಗ ಇದು, ಬೇರೆಯವರು ಕಣ್ಣೆದುರು ತೋರಿಸಿದ್ದನ್ನೂ ನಂಬುವುದಿಲ್ಲ.

ಅವರಿಗೆ ಎದುರಾಳಿ ಸಿಕ್ಕಿದ್ದು ಯಳಂದೂರಿನ ಕಡೆಯಿಂದ. ಬೆಟ್ಟದ ಮೇಲೆ ಕಾಫಿ ತೋಟವಿದ್ದ ಸಾಹುಕಾರರ ಮಗ, ಮೂವತ್ತರ ವಯಸ್ಸು, ಜೀಪಿನಲ್ಲಿ ಓಡಾಡುವವನು. ಹೊರದೇಶದಿಂದ ತರಿಸಿದ ಕೆಂಪು ವಿಮಾನ, ಆರು ಗುಂಡಿಯ ರೇಡಿಯೋ ಸೆಟ್ಟು. ಗುಂಡಿ ಆರಿದ್ದರೂ ಜೋಡಿಯಾಗಿ ಹಾರಿಸುವವರಿಲ್ಲದೆ ಒಬ್ಬನೇ ಕೂತಿದ್ದ. ಸಾರ್ಜೆಂಟ್ರ ಸುದ್ದಿ ಕೇಳಿ ಅಂಗಡಿಗೇ ಬಂದ. ಅವನ ವಿಮಾನದ ರೆಕ್ಕೆ ಬೋಲ್ಟು ಹಾಕಿ ಬಿಗಿದದ್ದಾಗಿತ್ತು. ಇವರು ನೋಡಿದವರೇ, ‘ಇದ್ಯಾಕೆ ಸಾ ಇಂಗ್ ಕೊಲ್ತೀರಿ? ಬಿಚ್ಚಾಕಿ’ ಎಂದು ಬೋಲ್ಟು ಬಿಚ್ಚಿಸಿ, ತಮ್ಮ ಟ್ಯೂಬಿನ ಬಳೆ ಹಾಕುವುದನ್ನು ಕಲಿಸಿಕೊಟ್ಟರು. ಎದುರಾಳಿಗೆ ತೂಕದ ಗುಟ್ಟು ಹೇಳಿಕೊಡುವುದನ್ನು ನಾನು ಮಾರ್ಕೆಟ್ಟಿನಲ್ಲಿ ಯಾವತ್ತೂ ನೋಡಿಲ್ಲ. ಸಾರ್ಜೆಂಟ್ರ ಕಾಲು ತುಳಿದೆ, ಕೆಮ್ಮಿದೆ. ‘ಯಾಕ್ಲಾ, ಗಂಟಲಲ್ಲಿ ಏನಾರ ಸಿಕ್ಕಾಕಂಡದಾ?’ ಎಂದು ಅವನೆದುರಿಗೇ ಕೇಳಿದರು.

ಎಸ್ಟೇಟಿನವನು, ‘ಸುಮ್ನೆ ಒಂದು ಆಟ ಆಡೋಣ ಸಾರ್ಜೆಂಟ್ರೇ’ ಎಂದ.

‘ಸುಮ್ನೆ ಆಡೋದಾದ್ರೆ ಕುಂಟೆಬಿಲ್ಲೆ ಆಡಣ. ಏನಾದ್ರೂ ಇಡಿ.’

ಅವನು ನಕ್ಕು, ‘ನನ್ನ ಸೆಟ್ ಇಡ್ತೀನಿ’ ಎಂದ. ಆರು ಗುಂಡಿಯ ಆ ಪೆಟ್ಟಿಗೆಯನ್ನು ಸಾರ್ಜೆಂಟ್ರು ಎರಡು ಸಲ ಮುಟ್ಟಿ ಮುಟ್ಟಿ ನೋಡಿದ್ದನ್ನು ನಾನು ಕಂಡಿದ್ದೆ. ಅದಿದ್ದರೆ ವಿಮಾನಕ್ಕೆ ಮೇಲೆ ಹೋಗು, ಕೆಳಗೆ ಬಾ ಎಂದು ಹೇಳಬಹುದಿತ್ತು. ಇವರ ಹತ್ತಿರ ಎದುರು ಇಡಲು ಏನಿತ್ತು? ಒಂದೇ ಒಂದು. ‘ನನ್ ಎಂಜಿನ್’ ಎಂದರು. ಅಂಗಡಿಯ ಹಿಂದಿನ ಮನೆಯೊಳಗೆ ಅತ್ತಿಗೆಮ್ಮ ಲೋಟ ಕುಕ್ಕಿದ ಸದ್ದು ಕೇಳಿಸಿತು.

ಎಂಜಿನ್ ಹೋದರೆ ಅವರ ಹಾರಾಟ ಮುಗಿಯಿತು. ನನಗೂ ಗೊತ್ತು, ಅವನಿಗೂ ಗೊತ್ತು. ನಾನು ಹಿಂದಿನ ಬಾಗಿಲಿಂದ ಚೌಕಾಸಿಗೆ ಇಳಿದೆ, ಅರ್ಧ ಪಣ ಮಾಡಿ, ರೇಷ್ಮೆ ಇಡೋಣ ಎಂದೆಲ್ಲ. ಸಾರ್ಜೆಂಟ್ರು, ‘ಇದು ಗೂಡಿನ್ ಸಂತೆಯಲ್ಲ, ಬಾಯ್ಮುಚ್ಚು’ ಎಂದರು. ನಿಯಮ ಗೊತ್ತುಮಾಡಿದರು. ಬಾಲಂಗೋಚಿ ಕತ್ತರಿಸಿದವನು ಗೆದ್ದ. ಎರಡೂ ಡಿಕ್ಕಿ ಹೊಡೆದು ಬಿದ್ದರೆ, ಅದೇ ವಿಮಾನವನ್ನು ಹತ್ತು ನಿಮಿಷದೊಳಗೆ ಮತ್ತೆ ಹಾರಿಸಿದವನು ಗೆದ್ದ. ಒಬ್ಬನ ಗುಂಡಿಗೆ ಇನ್ನೊಬ್ಬನ ವಿಮಾನ ತಿರುಗದ ಹಾಗೆ ಎರಡು ಸೆಟ್ಟನ್ನೂ ಬೇರೆ ಬೇರೆ ತರಂಗಕ್ಕೆ ಕೂರಿಸುವುದರಲ್ಲೇ ಒಂದು ವಾರ ಕಳೆಯಿತು. ಜಾಗ, ಯಳಂದೂರಿನ ಹತ್ತಿರ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ. ತೀರ್ಪಿಗೆ ಅಲ್ಲಿನ ಶಾಲೆಯೊಂದರ ಡ್ರಿಲ್ ಮೇಷ್ಟ್ರು, ಸೀಟಿ ಸಮೇತ.

ಆ ದಿನ ಬೆಳಿಗ್ಗೆ ವಿಮಾನ ನನ್ನ ಮಂಡಿಯಲ್ಲಿತ್ತು. ಹರಳೆಣ್ಣೆ ಸೋಸಿಕೊಂಡು ಬರುತ್ತೇನೆಂದು ಸಾರ್ಜೆಂಟ್ರು ಗಾಣದ ಕಡೆ ಹೋದರು. ನಾನು ರೆಕ್ಕೆಯ ತುದಿ ಹಿಡಿದು ಅಲುಗಾಡಿಸಿದೆ. ಲೊಟಲೊಟ. ಇನ್ನೊಂದು ಸಲ ಅಲುಗಾಡಿಸಿದೆ. ಲೊಟಲೊಟ. ಆ ಎಂಜಿನ್, ಆ ಆರು ಗುಂಡಿಯ ಪೆಟ್ಟಿಗೆ, ಎಲ್ಲ ಈ ಸೈಕಲ್ ಟ್ಯೂಬಿನ ಮೇಲೆ! ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಗಿಡ್ಡ ಮೊಳೆ ಇರುತ್ತಿದ್ದವು, ಬುಟ್ಟಿಗೆ ಚೀಟಿ ಹೊಡೆಯಲು. ಅಗಲ ತಲೆಯವು, ನಮ್ಮ ಮಂಡಿಯವರಷ್ಟೇ ಬಳಸುವುದು. ಈ ಕಡೆ ಎರಡು, ಆ ಕಡೆ ಎರಡು, ಟ್ಯೂಬಿನ ಅಡಿ ಕಾಣದ ಹಾಗೆ ಹೊಡೆದೆ. ಮೇಲೆ ಹುಣಸೆ ಬೀಜದ ಅಂಟು ಸವರಿದೆ. ಅಲುಗಾಡಿಸಿದೆ. ಬಂಡೆ! ಅಷ್ಟು ಸಮಾಧಾನ ನನಗೆ ಮದುವೆ ದಿನವೂ ಆಗಿರಲಿಲ್ಲ.

ಕೆರೆಯಂಗಳದಲ್ಲಿ ಜನವೋ ಜನ. ಕಬ್ಬಿನ ಗಾಡಿಯವರು ಗಾಡಿ ನಿಲ್ಲಿಸಿ ಮೇಲೆ ಹತ್ತಿ ನಿಂತಿದ್ದರು. ಕಡಲೆಕಾಯಿ ಮಾರುವವಳು ಬಂದಿದ್ದಳು. ಸಾರ್ಜೆಂಟ್ರು ಬೆರಳಲ್ಲಿ ಒಂದೇ ಸಲ ತಟ್ಟಿದರು, ಎಂಜಿನ್ ಕಣಜದ ಹಾಗೆ ಎದ್ದಿತು. ಹರಳೆಣ್ಣೆ ಹೊಗೆಗೆ ಮುಂದಿನ ಸಾಲಿನವರು ಹಿಂದಿನ ಸಾಲಾದರು. ನಾನೇ ಓಡಿ ಎಸೆದೆ. ಕತ್ತಾಳೆ ವಿಮಾನ ಹಳದಿ ರೇಷ್ಮೆಯಲ್ಲಿ ಬಿಸಿಲು ಹೊಳೆಸುತ್ತ ಏರಿತು. ಆ ಕಡೆಯಿಂದ ಕೆಂಪು ವಿಮಾನ.

ಒಂದು ಗುಂಡಿಯ ಮನುಷ್ಯ ಆರು ಗುಂಡಿಯವನನ್ನು ಆಟ ಆಡಿಸಿದ್ದನ್ನು ನೀವು ನೋಡಬೇಕಿತ್ತು. ಕೆಂಪಿನದು ಮೇಲೆ ಹೋಗುತ್ತದೆ, ಧುಮುಕುತ್ತದೆ, ಪಲ್ಟಿ ಹೊಡೆಯುತ್ತದೆ. ನಮ್ಮದು ಕೋಪ ಬಂದ ಮುದುಕನ ಹಾಗೆ ಬರೀ ಸುತ್ತುತ್ತದೆ, ಆದರೆ ಅದು ಇಳಿಯುವ ಜಾಗಕ್ಕೆ ಮೊದಲೇ ಹೋಗಿರುತ್ತದೆ. ಎರಡು ಸಲ ಬಾಲಂಗೋಚಿಯ ಗೇಣು ದೂರಕ್ಕೆ ಬಂತು. ‘ಕಚ್ಚು! ಕಚ್ಚು!’ ಎಂದು ಗಾಡಿಯ ಮೇಲಿನವರು. ಮೂರನೆಯ ಸಲ ಕೆಂಪಿನದು ತಪ್ಪಿಸಿಕೊಳ್ಳಲು ತಿರುಗಿದ್ದೇ ತಡ, ಎರಡೂ ರೆಕ್ಕೆಗೆ ರೆಕ್ಕೆ ಹೊಡೆದವು. ತೆಂಗಿನ ಗರಿ ಮುರಿದಂಥ ಸದ್ದು. ಎರಡೂ ನೆಲಕ್ಕೆ.

ನಾನು ಕುಣಿದೆ. ನಮ್ಮದರ ರೆಕ್ಕೆ ಕಳಚಿರಲಿಲ್ಲ!

ಹತ್ತಿರ ಹೋಗಿ ನೋಡಿದರೆ, ಕೆಂಪಿನದರ ರೆಕ್ಕೆ ರಬ್ಬರಿನಿಂದ ಜಿಗಿದು ಇಪ್ಪತ್ತು ಮಾರು ದೂರದಲ್ಲಿ ಹುಲ್ಲಿನ ಮೇಲೆ ನೆಟ್ಟಗೆ ಬಿದ್ದಿತ್ತು. ನಮ್ಮದರ ರೆಕ್ಕೆ ಬಿಟ್ಟಿರಲಿಲ್ಲ. ಬಿಡದೆ, ಮೈಯನ್ನೇ ಹಿಡಿದು ತಿರುಚಿ, ಬೆನ್ನನ್ನು ಎರಡು ತುಂಡು ಮಾಡಿತ್ತು. ಎಸ್ಟೇಟಿನವನು ಸಾರ್ಜೆಂಟ್ರು ಕಲಿಸಿದ ಹಾಗೇ ನಾಲ್ಕು ನಿಮಿಷದಲ್ಲಿ ಬಳೆ ಹಾಕಿ ಕೆಂಪಿನದನ್ನು ಮತ್ತೆ ಹಾರಿಸಿದ. ಅವರ ಪಾಠವನ್ನು ಎದುರಾಳಿ ಕಲಿತಿದ್ದ. ಹತ್ತಿರವಿದ್ದ ನಾನು ಕಲಿತಿರಲಿಲ್ಲ.

ಡ್ರಿಲ್ ಮೇಷ್ಟ್ರು ಸೀಟಿ ಊದಿ ಬಂದು ಬಗ್ಗಿ ನೋಡಿದರು. ಟ್ಯೂಬು ಹರಿದು ಮೊಳೆಗಳ ಅಗಲ ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

‘ಇದೇನ್ ಸಾರ್ಜೆಂಟ್ರೇ, ಮೊಳೆ? ಊರಿಗೆಲ್ಲ ರಬ್ಬರ್ ರಬ್ಬರ್ ಅಂತ ಹೇಳ್ಕೊಂಡ್ ಬಂದವ್ರು ನೀವು. ನಿಮಗೆ ಗೊತ್ತಿಲ್ದೆ ಯಾರಾದ್ರೂ ಕೈ ಆಡ್ಸಿದ್ರೆ ಹೇಳಿ. ಆಗ ಈ ಆಟ ಲೆಕ್ಕಕ್ಕಿಲ್ಲ. ಎಂಜಿನ್ ನಿಮ್ದು ನಿಮಗೇ.’

ಜನರೆಲ್ಲ ಸುತ್ತ ನಿಂತಿದ್ದರು. ಅದರಲ್ಲಿ ನನ್ನ ಮಂಡಿಗೆ ಗೂಡು ತರುವವರೇ ಇಪ್ಪತ್ತು ಜನ. ಸಾರ್ಜೆಂಟ್ರು ಮೊಳೆ ನೋಡಿದರು. ನನ್ನ ಅಂಗಿಯ ಜೇಬು ನೋಡಿದರು. ನಾನು ಜೇಬಿನ ಮೇಲೆ ಕೈ ಮುಚ್ಚಿದೆ.

‘ನಾನೇ ಒಡ್ದೆ ಸಾ,’ ಎಂದರು. ‘ವಯಸ್ಸಾಯ್ತು, ಬುದ್ಧಿ ಕೆಟ್ಟೋಯ್ತು.’

ಆಮೇಲೆ ಸ್ಕ್ರೂಡ್ರೈವರ್ ತೆಗೆದು, ಎಂಜಿನ್ ಬಿಚ್ಚಿ, ತಮ್ಮ ಬನಿಯನ್ನಿನಲ್ಲಿ ಒರೆಸಿ, ಇನ್ನೂ ಬೆಚ್ಚಗಿದ್ದದ್ದನ್ನು ಎಸ್ಟೇಟಿನವನ ಕೈಗೆ ಕೊಟ್ಟರು. ‘ಅರಳೆಣ್ಣೆ ಕಮ್ಮಿ ಮಾಡ್ಬ್ಯಾಡಿ ಸಾ. ಸೀದೋಯ್ತದೆ’ ಎಂದಷ್ಟೇ ಹೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಮಡಿಲಲ್ಲಿ ಮುರಿದ ವಿಮಾನ. ದಾರಿಯಲ್ಲಿ ಒಣಗಿದ ಕತ್ತಾಳೆ ಎಷ್ಟೋ ಬಂದವು, ಒಂದಕ್ಕೂ ಕೂಗಲಿಲ್ಲ. ನಾನೇ ಬಾಯಿ ಬಿಟ್ಟೆ.

‘ಯಾಕ್ ಹಾಗಂದ್ರಿ ಸಾ?’

‘ಇನ್ನೇನ್ ಅನ್ನನ? ಕದ್ದು ಮೊಳೆ ಒಡ್ಯೋ ಕೈ ಅಂತ ಗೊತ್ತಾದ್ರೆ ನಾಳಿಂದ ನಿನ್ ತಕ್ಕಡಿಗೆ ಯಾವನ್ಲಾ ಗೂಡ್ ಆಕಾನು? ನಂಗೆ ರೇಡಿಯೋ ರಿಪೇರಿ ಅದೆ. ನಿಂಗೆ ನಿನ್ ಕೈ ಬುಟ್ರೆ ಏನದೆ?’

ಮುರಿದ ಬೆನ್ನನ್ನು ಸವರಿ, ‘ನಾಲ್ಕ್ ಮೊಳೆ! ಅದೂ ನಾಲ್ಕ್!’ ಎಂದರು.

ಆಮೇಲೆ ಅವರು ಏಣಿ ಹತ್ತಲಿಲ್ಲ. ರೇಡಿಯೋ ರಿಪೇರಿ ಮಾಡಿದರು, ಊಟ ಮಾಡಿದರು, ಮಲಗಿದರು. ಬೈಗುಳವೂ ಕಡಿಮೆಯಾಯಿತು. ಒಮ್ಮೆ ಹೋದಾಗ ಅವರು ಕಾಫಿ ಲೋಟದ ಅಂಚನ್ನು ಆ ಗಾಯದ ಬೆರಳಿನಿಂದ ತಟ್ಟುತ್ತಾ ಕೂತಿದ್ದರು, ಪಂಕ ತಟ್ಟುವ ಹಾಗೆ. ಅತ್ತಿಗೆಮ್ಮ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದು, ‘ಆ ದರಿದ್ರ ಅರಳೆಣ್ಣೆ ವಾಸ್ನೇನಾದ್ರೂ ಇದ್ದಿದ್ರೆ ಚೆನ್ನಾಗಿತ್ತು ಕಣಪ್ಪ. ಮನೆ ಮನೇನೇ ಅನ್ನಿಸಲ್ಲ’ ಎಂದರು.

ಮಾರನೆಯ ದಿನ ಎಸ್ಟೇಟಿಗೆ ಹೊರಟೆ. ಚೌಕಾಸಿಗೆ ಬೇಕಾದದ್ದೆಲ್ಲ ಕಟ್ಟಿಕೊಂಡೇ ಹೋಗಿದ್ದೆ: ರೇಷ್ಮೆ ಸೀರೆ, ಅಂಚಿನ ಪಂಚೆ, ನಾಲ್ಕು ಥರದ ಮಾತು. ಎಂಜಿನ್ ಅವನ ಮೇಜಿನ ಮೇಲೇ ಇತ್ತು. ನಾನು ಸೀರೆಯ ಗಂಟು ಬಿಚ್ಚುವುದರೊಳಗೆ ಅವನು ಕೈ ಅಡ್ಡ ಮಾಡಿದ.

‘ಸೀರೆ ಬೇಡ ಸಾಹುಕಾರ್ರೇ. ನನಗೆ ಒಂದೇ ಗೊತ್ತಾಗ್ಬೇಕು. ನನ್ನ ಬೋಲ್ಟ್ ಬಿಚ್ಚಿಸಿದ ಮನುಷ್ಯ ತನ್ನ ವಿಮಾನಕ್ಕೆ ಮೊಳೆ ಹೊಡೀತಾನಾ? ಅವ್ರನ್ನ ಕೇಳ್ದೆ, ನಾನೇ ಅಂತಾರೆ. ಮೊಳೆ ಯಾರದ್ದು, ಹೇಳಿ. ಎಂಜಿನ್ ತಗೊಂಡ್ ಹೋಗಿ.’

ಮೊದಲಿಗೆ ಅರ್ಧಕ್ಕೆ ಇಳಿಸಲು ನೋಡಿದೆ. ‘ಯಾರೋ ಕೆಲಸದವರಿರಬೇಕು ಸ್ವಾಮಿ’ ಎಂದೆ. ಅವನು ಸುಮ್ಮನೆ ಕಾಫಿ ಕುಡಿದ. ಚೌಕಾಸಿಯಲ್ಲಿ ಸುಮ್ಮನಿರುವವನ ಎದುರು ಏನೂ ನಡೆಯುವುದಿಲ್ಲ. ಅದು ನನ್ನದೇ ಪಟ್ಟು, ನನ್ನ ಮೇಲೇ ಹಾಕಿದ್ದ. ನನ್ನ ಕಾಫಿ ಆರಿತು.

‘ನಂದು ಸ್ವಾಮಿ,’ ಎಂದೆ.

‘ಡ್ರಿಲ್ ಮೇಷ್ಟ್ರ ಮುಂದೆ ಹೇಳ್ತೀರಾ? ಆಟ ರದ್ದಾಗ್ಬೇಕಲ್ಲ.’

ಕೇಳಿದಷ್ಟೂ ಕೊಟ್ಟೆ. ಅವನ ಜೀಪಿನಲ್ಲಿ ಬೆಟ್ಟ ಇಳಿದು ಯಳಂದೂರಿಗೆ ಬಂದಾಗ ಡ್ರಿಲ್ ಮೇಷ್ಟ್ರು ಟೀ ಅಂಗಡಿಯಲ್ಲಿದ್ದರು. ಅವರ ಜೊತೆ ಇನ್ನೂ ಹತ್ತು ಜನ ಇದ್ದರು. ಎಲ್ಲರ ಮುಂದೆ ಹೇಳಿದೆ. ನಾನು ಕೊಳ್ಳೇಗಾಲ ತಲುಪುವಷ್ಟರಲ್ಲಿ ಮಾತು ನನಗಿಂತ ಮುಂಚೆ ತಲುಪಿತ್ತು.

ಸಾರ್ಜೆಂಟ್ರು ಎಂಜಿನ್ನನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು. ಕಣ್ಣು ಒದ್ದೆಯಾದವು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಬೈದರು.

‘ದಡ್ಡ ಮುಂಡೇದೇ! ಉಟ್ಟಿದಾಗಿಂದ ಒಂದ್ ಸುಳ್ಳೂ ಏಳ್ದೋನಲ್ಲ ನಾನು. ನಿನ್ ಸಲುವಾಗಿ ಒಂದ್ ಸುಳ್ಳೇಳ್ದೆ. ಅದ್ನೂ ಬಾಳಿಕೆ ಬರಿಸ್ಲಿಲ್ವಲ್ಲೋ ನೀನು!’

ಅವರು ಹೇಳಿದ್ದೇ ಆಯಿತು. ಮುಂದಿನ ವಾರ ಮಂಡಿಗೆ ಬರುತ್ತಿದ್ದ ಗೂಡಿನಲ್ಲಿ ಅರ್ಧ ಬರಲಿಲ್ಲ. ಹೂಗ್ಯಂನಿಂದ ಬಂದ ರೈತನೊಬ್ಬ ಟವಲಿನ ಕೆಳಗೆ ಕೈ ಇಡುವ ಮುಂಚೆ, ‘ಅಣ್ಣೋ, ಒಳಗೆ ಮೊಳೆ ಗಿಳೆ ಇಲ್ಲ ತಾನೇ?’ ಎಂದು ಎತ್ತಿ ನೋಡಿದ. ಇಡೀ ಮಾರ್ಕೆಟ್ಟು ನಕ್ಕಿತು. ‘ಮೊಳೆ ಸಾವ್ಕಾರ’ ಎಂಬ ಹೆಸರು ಅಂದು ಬಿದ್ದದ್ದು ಇಂದಿಗೂ ಹೋಗಿಲ್ಲ. ಗೂಡು ಮಾತ್ರ ಎರಡು ವರ್ಷಕ್ಕೆ ವಾಪಸ್ ಬಂತು. ಮುಂದಿನ ಬೇಸಿಗೆ ಕೆರೆಯಂಗಳದಲ್ಲಿ ಮತ್ತೆ ಆಡಿದರು, ಪಣವಿಲ್ಲದೆ. ಸೋತರು. ಅದರ ಮುಂದಿನ ಬೇಸಿಗೆ ಗೆದ್ದರು. ಆ ಎಸ್ಟೇಟಿನವನು ಗೆದ್ದಾಗಲೂ ಸೋತಾಗಲೂ ಜೀಪಿನಲ್ಲಿ ಅವರನ್ನು ಮನೆವರೆಗೆ ಬಿಟ್ಟು ಹೋಗುವನು.

ನನ್ನನ್ನು ವಿಮಾನದ ಹತ್ತಿರ ಬಿಡುವುದಿಲ್ಲ ಎಂದುಕೊಂಡಿದ್ದೆ. ಬಿಟ್ಟರು. ಓಡಿ ಎಸೆಯುವ ಕೆಲಸ ನನ್ನದೇ ಉಳಿಯಿತು. ಆದರೆ ಪ್ರತಿ ಸಲ, ವಿಮಾನವನ್ನು ನನ್ನ ಕೈಗೆ ಕೊಡುವ ಮುಂಚೆ, ಎಷ್ಟೇ ಜನ ಇರಲಿ, ‘ಜೇಬು’ ಎನ್ನುವರು. ನಾನು ಅಂಗಿಯ ಜೇಬನ್ನು ಒಳಗಿಂದ ಹೊರಕ್ಕೆ ಎಳೆದು ತೋರಿಸಬೇಕು. ಪೂರ್ತಿ ಎಳೆಯುವವರೆಗೆ ಕೊಡುತ್ತಿರಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಅವರಿಗೆ ಮಾತು ನಿಂತು ಮೂರು ದಿನವಾಗಿತ್ತು. ಮಂಚದ ಸುತ್ತ ಅಜ್ಜೀಪುರದ ನೆಂಟರು. ನಾನು ಬಾಗಿಲಲ್ಲೇ ನಿಂತೆ. ಅವರು ಕಣ್ಣು ತೆರೆದರು. ನನ್ನ ಮುಖವನ್ನು ನೋಡಲಿಲ್ಲ, ಎದೆಯ ಹತ್ತಿರ ನೋಡಿದರು. ನಾನು ಜೇಬಿನ ಚೀಟಿ, ಚಿಲ್ಲರೆ ಎಲ್ಲ ಕೈಗೆ ತೆಗೆದುಕೊಂಡು, ಬಟ್ಟೆಯನ್ನು ಹೊರಕ್ಕೆ ಎಳೆದು ತೋರಿಸಿದೆ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾರ್ಜೆಂಟ್ರು ಗಾಯದ ಬೆರಳನ್ನು ಎತ್ತಿ, ಹತ್ತಿರ ಬಾ ಎಂದು ಕರೆದರು.